ಐರ್ಲೆಂಡಿನ ಕಥೆ, ಅಮೃತಹಳ್ಳಿಯ ಬ್ಯಾಂಡು

ಬೆಳಗ್ಗೆಯಿಂದ ಒಂದು ಹರಕು ಪುಸ್ತಕ ಹಿಡಿದುಕೊಂಡು ಮನೆಯೆಲ್ಲ ತಿರುಗುತ್ತಿದ್ದೇನೆ. ಮೊದಲು ಗೋಡೆಗೂಡಿನಲ್ಲಿಟ್ಟೆ. ಅಲ್ಲಿ ಬೇಡ ಅನ್ನಿಸಿ ಮಂಚದ ಕೆಳಗಿನ ಟ್ರಂಕಿಗೆ ಹಾಕಿದೆ. ಹತ್ತು ನಿಮಿಷ ಆಗಿರಲಿಲ್ಲ, ಟ್ರಂಕಿನಿಂದಲೂ ತೆಗೆದೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ನನ್ನ ಹೆಂಡತಿ ಲಲಿತ, "ಏನ್ರೀ ಅದು, ಬೆಕ್ಕು ಮರಿ ಕಚ್ಕೊಂಡು ತಿರುಗೋ ಹಾಗೆ ತಿರುಗ್ತಾ ಇದೀರಿ? ಒಂದ್ ಕಡೆ ಕೂತ್ಕೊಳ್ಳಿ ನೋಡೋಣ," ಎಂದಳು. ಕೂತೆ. ಮತ್ತೆ ಎದ್ದೆ. ನನಗೆ ಹೀಗಾಗುವುದು ಹೊಸದೇನಲ್ಲ, ಇವತ್ತು ಸ್ವಲ್ಪ ಜಾಸ್ತಿಯೇ ಆಗಿದೆ.

ಅದು ನಾನು ಬಿ.ಎ. ಓದುವಾಗಿನ ಇಂಗ್ಲಿಷ್ ಪಠ್ಯ. ಗಂಗಾನಗರದ ಈ ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟದ ಸಾಮಾನು ಇಳಿಸಿದಾಗ ಸಿಕ್ಕಿತು. ರಟ್ಟು ಹೋಗಿದೆ. ಮೊದಲ ಮೂವತ್ತು ಪುಟ ಹುಳುಗಳ ಪಾಲಾಗಿವೆ. ಅವುಗಳಿಗೆ ಸ್ವಲ್ಪ ದಯೆ ಇದ್ದಿದ್ದರೆ ಇನ್ನೂ ಹತ್ತು ಪುಟ ತಿಂದು ನನ್ನ ಮರ್ಯಾದೆ ಉಳಿಸುತ್ತಿದ್ದವು. ಏಕೆಂದರೆ ಆ ಹತ್ತು ಪುಟಗಳಲ್ಲಿ ಐರ್ಲೆಂಡಿನ ಒಂದು ಸಣ್ಣಕಥೆ ಇದೆ, ಅದರ ಅಂಚಿನ ತುಂಬ ನನ್ನ ಪೆನ್ಸಿಲ್ ಅಕ್ಷರಗಳಿವೆ. ಒಂದು ಕಡೆ, 'ಬೂದು ಬಣ್ಣದ ಕೈಗವಸು: ಕಮರ್ಷಿಯಲ್ ಸ್ಟ್ರೀಟಿನಲ್ಲಿ ವಿಚಾರಿಸುವುದು' ಎಂದು ಬರೆದಿದ್ದೇನೆ. ಇನ್ನೊಂದು ಕಡೆ, 'ನಗುವಾಗ ಹಲ್ಲು ಕಾಣಿಸಬಾರದು.' ಮೂರನೆಯದು ಓದಿದಾಗ ನನಗೇ ನಾಚಿಕೆಯಾಗಿ ಪುಸ್ತಕ ಮುಚ್ಚಿದೆ. ಅಲ್ಲಿ, 'ತಂದೆಯ ಕಸುಬು ಕೇಳಿದರೆ ಮಾತು ಬದಲಾಯಿಸಬೇಕು' ಎಂದಿತ್ತು.

ಕಥೆ ಇಷ್ಟೇ. ಡಬ್ಲಿನ್ ಪಟ್ಟಣದಲ್ಲಿ ಒಬ್ಬ ಬಟ್ಟೆ ಅಂಗಡಿಯವನ ಮಗ. ಇಂಗ್ಲಿಷ್ ದೊಡ್ಡ ಮನುಷ್ಯರ ಜೊತೆ ಓಡಾಡಬೇಕು ಅನ್ನುವ ಚಪಲ ಅವನಿಗೆ. ಅವರ ಮಾತಿನ ವರಸೆ ಕಲಿಯುತ್ತಾನೆ, ಕೈಗವಸು ಹಾಕಿಕೊಳ್ಳುತ್ತಾನೆ, ಒಂದು ದಿನ ಅವರ ಮನೆಯ ಟೀ ಪಾರ್ಟಿಗೆ ಹೋಗುತ್ತಾನೆ. ಅಲ್ಲಿ ಯಾರೋ ಐರ್ಲೆಂಡಿನವರನ್ನು ಗೇಲಿ ಮಾಡುತ್ತಾರೆ, ಎಲ್ಲರೂ ನಗುತ್ತಾರೆ, ಇವನೂ ನಗುತ್ತಾನೆ. ಮನೆಗೆ ಬಂದು ಕೈಗವಸು ಬಿಚ್ಚುತ್ತಾನೆ. ಮುಗಿಯಿತು. ಕ್ಲಾಸಿನಲ್ಲಿ ನಾವೆಲ್ಲ ಪುಟ ತಿರುಗಿಸಿ ನೋಡಿದೆವು, ಮುಂದೆ ಇನ್ನೊಂದು ಕಥೆ ಶುರುವಾಗಿತ್ತು. "ಆಮೇಲೆ ಏನಾಯ್ತು ಸಾರ್?" ಎಂದು ಒಬ್ಬ ಕೇಳಿದ. "ಏನೂ ಆಗಲಿಲ್ಲ. ಈಗಿನ ಕಾಲದ ಕಥೆಗಳಲ್ಲಿ ಹೊರಗಡೆ ಏನೂ ಆಗುವುದಿಲ್ಲ, ಅದೇ ಕಷ್ಟ," ಎಂದರು ಪಾಠ ಮಾಡುತ್ತಿದ್ದ ಡೂಲನ್ ಸಾಹೇಬರು.

ಈ ಡೂಲನ್ ಸಾಹೇಬರು ಸ್ವತಃ ಐರ್ಲೆಂಡಿನವರು. ದಂಡಿನ ನಮ್ಮ ಕಾಲೇಜಿಗೆ ಹೇಗೆ ಬಂದು ಸೇರಿದರೋ ಗೊತ್ತಿಲ್ಲ. ದಂಡು ಅಂದರೆ ಕಂಟೋನ್ಮೆಂಟು, ಈಗಿನವರಿಗೆ ಹೇಳದಿದ್ದರೆ ತಿಳಿಯುವುದಿಲ್ಲ. ಬಿಸಿಲಿಗೆ ಅವರ ಮೂಗಿನ ಚರ್ಮ ವರ್ಷವಿಡೀ ಸುಲಿಯುತ್ತಿತ್ತು. ಬೀಡಿ ಸೇದುತ್ತಿದ್ದರು. ಬಿಳಿಯ ಮನುಷ್ಯ ಬೀಡಿ ಸೇದುವುದು ನನಗೆ ಸುತರಾಂ ಹಿಡಿಸುತ್ತಿರಲಿಲ್ಲ. ನಮ್ಮೂರಿನ ಗಂಡಸರೆಲ್ಲ ಸೇದುವುದನ್ನೇ ಇವರೂ ಸೇದಿದರೆ ನಾನು ಯಾರನ್ನು ನೋಡಿ ಕಲಿಯಬೇಕು, ನೀವೇ ಹೇಳಿ.

ಪರೀಕ್ಷೆಯಲ್ಲಿ ಆ ಕಥೆಯ ಮೇಲೆ ಪ್ರಶ್ನೆ ಬಂತು. ನಾನು ನಾಲ್ಕು ಪುಟ ಬರೆದೆ. ಈ ತರುಣ ಹೀನ ಸ್ಥಿತಿಯಿಂದ ಮೇಲೇರಲು ಪಟ್ಟ ಶ್ರಮವನ್ನು ನಮ್ಮ ದೇಶದ ಯುವಕರೆಲ್ಲರೂ ಅನುಸರಿಸತಕ್ಕದ್ದು ಎಂದು ಮುಗಿಸಿದೆ. ವ್ಯಂಗ್ಯವನ್ನು ಕೈಪಿಡಿ ಅಂತ ಓದಿಕೊಂಡ ಪುಣ್ಯಾತ್ಮ ಇಡೀ ಕಾಲೇಜಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಡೂಲನ್ ಸಾಹೇಬರು ಕೆಂಪು ಶಾಯಿಯಲ್ಲಿ, 'ಪ್ರಾಮಾಣಿಕ ಉತ್ತರ, ದಯವಿಟ್ಟು ಕಥೆಯನ್ನು ಇನ್ನೊಮ್ಮೆ ಓದಿ' ಎಂದು ಬರೆದಿದ್ದರು. ನಾನು ಮೊದಲ ಎರಡು ಪದ ಮಾತ್ರ ಓದಿ ಹಿಗ್ಗಿದೆ.

ನಾನು ಯಾರು ಅಂತ ಹೇಳದೆ ಇಷ್ಟು ದೂರ ಬಂದೆ. ಅಮೃತಹಳ್ಳಿಯ ಮುನಿಶಾಮಪ್ಪನ ಮಗ ಮುನಿರಾಜ ನಾನು. ಕಾಲೇಜಿನಲ್ಲಿ ಎಂ. ಎಂ. ರಾಜ್. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿದ್ದ ಕಾಲ ಅದು. ದಿನಾ ಬೆಳಗ್ಗೆ ಸೈಕಲ್ಲಿನಲ್ಲಿ ಹೊರಟರೆ ಹೆಬ್ಬಾಳ ಕೆರೆ ಏರಿಯವರೆಗೆ ಮುನಿರಾಜ. ಅಲ್ಲಿ ಒಂದು ಹೊಂಗೆಮರದ ಹಿಂದೆ ಸೈಕಲ್ ನಿಲ್ಲಿಸಿ, ಚೀಲದಿಂದ ಟೈ ತೆಗೆದು ಕತ್ತಿಗೆ ಹಾಕಿಕೊಂಡರೆ ಅಲ್ಲಿಂದ ಮುಂದೆ ರಾಜ್. ಸಂಜೆ ಅದೇ ಮರದ ಹಿಂದೆ ಮತ್ತೆ ಮುನಿರಾಜ. ಟೈ ಗಂಟು ಹಾಕುವುದನ್ನು ಕಲಿಸಿದವರು ಯಲಹಂಕದ ಬ್ಯಾಂಡ್ ಮಾಸ್ತರು ಗಫೂರ್ ಸಾಹೇಬರು. ಅವರು ಒಂದು ಕಾಲಕ್ಕೆ ದಂಡಿನಲ್ಲಿ ಮಿಲಿಟರಿ ಬ್ಯಾಂಡಿಗೆ ಕ್ಲಾರಿನೆಟ್ ನುಡಿಸಿದವರು, ಆಮೇಲೆ ಮದುವೆ ಬ್ಯಾಂಡು ಕಟ್ಟಿಕೊಂಡಿದ್ದರು. ಅವರು ಹಾಕಿಕೊಟ್ಟ ಗಂಟನ್ನು ನಾನು ಎರಡು ತಿಂಗಳು ಬಿಚ್ಚಲೇ ಇಲ್ಲ. ಬಿಚ್ಚಿದರೆ ಮತ್ತೆ ಯಲಹಂಕಕ್ಕೆ ಹೋಗಬೇಕಲ್ಲ ಅಂತ ಸಡಿಲ ಮಾಡಿ ತಲೆಯ ಮೇಲಿಂದ ತೆಗೆಯುತ್ತಿದ್ದೆ.

ನಮ್ಮ ಅಪ್ಪನಿಗೆ ಎರಡೂವರೆ ಎಕರೆ ದ್ರಾಕ್ಷಿ ತೋಟ ಇತ್ತು. ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಮಾಡಿದ ತೋಟ. ಅದಕ್ಕೆ ರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯಬೇಕು. ಹಾಗಾಗಿ ಅಪ್ಪನ ಖಾದಿ ಅಂಗಿ, ಕೈ, ಕಿವಿಯ ಹಿಂದಿನ ಕೂದಲು ಎಲ್ಲ ಸದಾ ತಿಳಿನೀಲಿ. ಅಪ್ಪನ ಬಲ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ, ಊಟಕ್ಕೆ ಕೂತಾಗ ಆ ಕಾಲನ್ನು ಮುಂದಕ್ಕೆ ಚಾಚಿಕೊಳ್ಳುತ್ತಿದ್ದರು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಹತ್ತಿರ ಬಿದ್ದದ್ದು ಅಂತ ಅವ್ವ ಹೇಳಿದ್ದಳು. ಚಳವಳಿಯ ಕಾಲದಲ್ಲಿ ಕೆಲವು ತಿಂಗಳು ಜೈಲಿನಲ್ಲಿದ್ದರು ಅನ್ನುವುದೂ ಗೊತ್ತಿತ್ತು. ಯಾಕೆ ಹಾಕಿದರು, ಏನು ಮಾಡಿದ್ದರು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಅಪ್ಪ ಹೇಳಿಕೊಳ್ಳುವ ಪೈಕಿಯೂ ಅಲ್ಲ.

ದಂಡಿನಲ್ಲಿ ಬಿಳಿಯರದೇ ಒಂದು ಕಂಪನಿ ಇತ್ತು. ಅಲ್ಲಿ ನಮ್ಮವರಲ್ಲಿ ವರ್ಷಕ್ಕೆ ಒಬ್ಬನನ್ನೋ ಇಬ್ಬರನ್ನೋ ಅಸಿಸ್ಟೆಂಟ್ ಅಂತ ತೆಗೆದುಕೊಳ್ಳುತ್ತಿದ್ದರು. ಮಾರ್ಕ್ಸಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಗೊತ್ತಿರುವ ಸಾಹೇಬರೊಬ್ಬರ ಕಾಗದ. ಹುಡುಗ ಒಳ್ಳೆಯ ಮನೆತನದವನು, ನಾಲ್ಕು ಜನರ ನಡುವೆ ನಿಲ್ಲಬಲ್ಲ ಅಂತ ಅವರು ಬರೆದುಕೊಡಬೇಕು. ಅಲ್ಲಿಯ ಮ್ಯಾನೇಜರಿಗೂ ಡೂಲನ್ ಸಾಹೇಬರಿಗೂ ಸ್ನೇಹ ಇತ್ತು. ಆ ಕಾಗದ ನನಗೆ ಎಷ್ಟು ಬೇಕಾಗಿತ್ತು ಅಂದರೆ ರಾತ್ರಿ ಕಣ್ಣು ಮುಚ್ಚಿದರೆ ಅದರ ಲಕೋಟೆ ಕಾಣಿಸುತ್ತಿತ್ತು. ಹಾಗಾಗಿ ಡೂಲನ್ ಸಾಹೇಬರು ಒಂದು ದಿನ, "ನಿಮ್ಮ ತಂದೆ ಏನು ಮಾಡುತ್ತಾರೆ, ರಾಜ್?" ಎಂದು ಕೇಳಿದಾಗ ಪುಸ್ತಕದ ಪ್ರಕಾರ ಮಾತು ಬದಲಾಯಿಸಬೇಕಾಗಿತ್ತು. ಬಾಯಿ ಕೇಳಲಿಲ್ಲ. "ಪ್ಲಾಂಟರ್ ಸಾರ್. ವೈನ್‌ಯಾರ್ಡ್ ಎಸ್ಟೇಟ್ ಇದೆ," ಎಂದುಬಿಟ್ಟೆ.

"ಓಹೋ! ಹಾಗಾದರೆ ನೋಡಲೇಬೇಕು. ಬರುವ ಭಾನುವಾರ ಬರಲೇ?" ಎಂದರು ಪುಣ್ಯಾತ್ಮರು.

ಆ ಐದು ದಿನ ನಾನು ಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಕೊಟ್ಟಿಗೆ ಗೋಡೆಗೆ ಸುಣ್ಣ ಬಳಿದೆ. ಬಾಗಿಲ ಮುಂದಿನ ಬೆರಣಿಗಳನ್ನು ಹಿತ್ತಲಿಗೆ ಸಾಗಿಸಿದೆ. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಒಲೆಗೆ ಏನ್ ಇಕ್ಲಿ ನಾನು, ನಿನ್ ಟೈ ಇಕ್ಲಾ?" ಎಂದು ಬೈದಳು. ಟೈ ವಿಷಯ ಅವಳಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಾದದ್ದು ಆವಾಗಲೇ. ಸ್ಕೂಲಿನಿಂದ ಎರಡು ಕುರ್ಚಿ ತಂದೆ. ದಂಡಿನ ಬೇಕರಿಯಿಂದ ಬ್ರೆಡ್ಡು, ಬೆಣ್ಣೆ, ಜಾಮು ಕಟ್ಟಿಸಿಕೊಂಡು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ತಂದೆ. ಬಿಗಿದದ್ದು ಹೆಚ್ಚಾಗಿ ಬ್ರೆಡ್ಡು ಚಪಾತಿಯಾಗಿತ್ತು.

ಅಪ್ಪನಿಗೆ ಒಂದು ಕೋಟು ಹಾಕಿಸಬೇಕು ಅಂತ ನನ್ನ ಆಸೆ. ಹೇಳಿದೆ. ಅಪ್ಪ ತಮ್ಮ ಅಂಗಿಯ ನೀಲಿ ಕಲೆ ನೋಡಿಕೊಂಡರು. "ಕೋಟು ಬ್ಯಾಡ ಕಣ್ಲಾ. ಒಗೆದಿರೋ ಅಂಗಿ ಆಕ್ಕೋತೀನಿ ಬಿಡು," ಎಂದರು. ಅಷ್ಟಕ್ಕೇ ನಾನು ಮುಖ ಗಂಟಿಕ್ಕಿಕೊಂಡು ತೋಟದ ಕಡೆ ಹೋದೆ.

ಇನ್ನು ಬ್ಯಾಂಡಿನ ವಿಚಾರ. ನಮ್ಮ ಕಡೆ ಊರಿಗೆ ದೊಡ್ಡ ಮನುಷ್ಯರು ಬಂದರೆ ಬ್ಯಾಂಡು ಹೇಳಲೇಬೇಕು. ಡೆಪ್ಯುಟಿ ಕಮಿಷನರ್ ಬಂದಾಗಲೂ ಹೇಳಿದ್ದರು, ದನದ ಡಾಕ್ಟರ್ ಮೊದಲ ಸಲ ಬಂದಾಗಲೂ ಹೇಳಿದ್ದರು. ಗುರುವಾರ ಸಂಜೆ ಯಲಹಂಕಕ್ಕೆ ಹೋದೆ. ಗಫೂರ್ ಸಾಹೇಬರು ಮನೆ ಮುಂದೆ ಕೂತು ಕ್ಲಾರಿನೆಟ್ಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಇಂಗ್ಲಿಷ್ ಸಾಹೇಬರು ಬರುತ್ತಾರೆ ಎಂದೆ. ಡೂಲನ್ ಸಾಹೇಬರು ತಾವು ಇಂಗ್ಲಿಷರಲ್ಲ ಅಂತ ಕ್ಲಾಸಿನಲ್ಲಿ ಹತ್ತು ಸಲ ಹೇಳಿದ್ದರು, ನಿಜ. ಆದರೆ ಕೋಲಾರದವರು ನಾವು ಕೋಲಾರದವರು ಅನ್ನುವುದಿಲ್ಲವೇ, ಹಾಗೆ ಅಂತ ನಾನು ತಿಳಿದಿದ್ದೆ. ಕೋಲಾರ ಮೈಸೂರು ರಾಜ್ಯದ ಒಂದು ಜಿಲ್ಲೆ, ಐರ್ಲೆಂಡು ಇಂಗ್ಲೆಂಡಿನ ಒಂದು ಜಿಲ್ಲೆ. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಯ ಭೂಗೋಳ ಜ್ಞಾನ ಅದು. ಐರ್ಲೆಂಡಿನವರೂ ನಮ್ಮ ಹಾಗೇ ಇಂಗ್ಲಿಷರ ಜೊತೆ ಹೊಡೆದಾಡಿ ಬಿಡಿಸಿಕೊಂಡವರು ಅಂತ ತಿಳಿದದ್ದು ಎಷ್ಟೋ ದಿನದ ಮೇಲೆ.

"ಸಾಹೇಬ್ರೆ, ದಂಡಿನಲ್ಲಿ ನುಡಿಸ್ತಿದ್ರಲ್ಲ, ಬಿಳಿಯರ ರಾಜನ ಟ್ಯೂನು, ಅದನ್ನೇ ನುಡಿಸ್ಬೇಕು," ಎಂದೆ.

ಗಫೂರ್ ಸಾಹೇಬರ ಕೈ ನಿಂತಿತು. "ರಾಜನ ಟ್ಯೂನಾ? ಅಮೃತಹಳ್ಳೀಲಾ?" ಎಂದರು. "ನಿಮ್ ಅಪ್ಪೋರ್ಗೆ ಕೇಳಿದ್ರಾ ಬೇಟಾ?"

"ಕೇಳಿದೀನಿ."

"ಏನಂದ್ರು?"

"ಆಗ್ಲಿ ಅಂದ್ರು."

ಅವರು ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಇನ್ನೊಂದು ಸಲ, "ನಿಜವಾಗ್ಲೂ ಕೇಳಿದ್ರಾ?" ಎಂದರು. ನನಗೆ ರೇಗಿತು. ಮದುವೆ ಬ್ಯಾಂಡಿನವರಿಗೆ ಇಷ್ಟೊಂದು ವಿಚಾರಣೆ ಯಾಕೆ ಅನ್ನಿಸಿತು. "ಕೇಳಿದೀನಿ ಅಂತ ಹೇಳಿದ್ನಲ್ಲ!" ಎಂದು ಸೈಕಲ್ ಹತ್ತಿ ಬಂದೆ. ಅಪ್ಪನನ್ನು ಕೇಳಿಬಿಡೋಣ ಅಂತ ಎರಡು ಸಲ ಅವರ ಹತ್ತಿರ ಹೋಗಿ ನಿಂತೆ. ಬೇಡ ಅಂದುಬಿಟ್ಟರೆ ಅನ್ನುವ ಭಯಕ್ಕೆ ಬೇರೇನೋ ಮಾತಾಡಿ ವಾಪಸ್ಸು ಬಂದೆ.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೇ ಊರೆಲ್ಲ ನಮ್ಮ ಮನೆ ಮುಂದೆ. ಎಲ್ಲರೂ ಕಾರು ಬರುತ್ತದೆ ಅಂತ ಹೆಬ್ಬಾಳದ ದಾರಿಯ ಕಡೆ ಕಣ್ಣು ನೆಟ್ಟಿದ್ದರು. ಡೂಲನ್ ಸಾಹೇಬರು ಸೈಕಲ್ಲಿನಲ್ಲಿ ಬಂದರು. ಇಸ್ತ್ರಿಯಿಲ್ಲದ ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ತಲೆಗೆ ಒದ್ದೆ ಕರ್ಚೀಫು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕೋಟು, ಟೈ ಹಾಕಿಕೊಂಡು ಬೆವರಿನಲ್ಲಿ ತೊಯ್ದು ನಿಂತಿದ್ದವನು ನಾನೊಬ್ಬನೇ. ಗುಂಪಿನಲ್ಲಿ ಯಾರೋ, "ಯಾವನ್ಲಾ ಸಾಯೇಬ, ಇವನಾ ಅವನಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಜಗಲಿಯ ಮೇಲೆ ಕೂತಿದ್ದ ಅಪ್ಪ ಗೋಡೆ ಹಿಡಿದು ಎದ್ದು ಬಂದರು. ಒಗೆದ ಅಂಗಿಯಲ್ಲೂ ನೀಲಿ ಕಲೆ ಹಾಗೇ ಇತ್ತು. ಸಾಹೇಬರಿಗೆ ಕೈ ಮುಗಿದು ಚೆಂಡು ಹೂವಿನ ಹಾರ ಹಾಕಿದರು. ಮತ್ತೆ ಜಗಲಿಗೆ ಹೋಗಿ, ಬಲಗಾಲು ಚಾಚಿಕೊಂಡು ಕೂತರು. ನಾನು ಸಾಹೇಬರಿಗೆ ಸ್ಕೂಲಿನ ಕುರ್ಚಿ ತೋರಿಸುತ್ತಾ ಗಫೂರ್ ಸಾಹೇಬರಿಗೆ ಸನ್ನೆ ಮಾಡಿದೆ. ಅವರು ಒಂದು ಸಲ ಅಪ್ಪನ ಕಡೆ ನೋಡಿದರು, ಕ್ಲಾರಿನೆಟ್ ಬಾಯಿಗಿಟ್ಟರು.

ರಾಜ ಹೋಗಿ ರಾಣಿ ಬಂದಿದ್ದ ಕಾಲ, ಆದರೆ ಟ್ಯೂನು ಅದೇ. ಡ್ರಮ್ಮಿನವನಿಗೆ ಗೊತ್ತಿಲ್ಲದ ಟ್ಯೂನಾದ್ದರಿಂದ ಅವನು ಮದುವೆ ಪೆಟ್ಟನ್ನೇ ಹಾಕುತ್ತಿದ್ದ. ನಾನು ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ಅಟೆನ್ಷನ್ನಿನಲ್ಲಿ ನಿಂತೆ. ಓರೆಗಣ್ಣಿನಲ್ಲಿ ಡೂಲನ್ ಸಾಹೇಬರ ಕಡೆ ನೋಡಿದೆ. ಅವರು ಅಲ್ಲಿಯವರೆಗೆ ನಿಂತೇ ಇದ್ದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ಮುಖ ಕೆಂಪಗಾಯಿತು. ನಿಧಾನವಾಗಿ ಕುರ್ಚಿ ಎಳೆದುಕೊಂಡರು, ಕೂತರು, ಕಾಲ ಮೇಲೆ ಕಾಲು ಹಾಕಿಕೊಂಡರು. ಆಚೆ ಕಡೆ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಈಚೆ ಕಡೆ ಸಾಹೇಬರು ಕುರ್ಚಿಯ ಮೇಲೆ ಕೂತಿದ್ದರು. ಊರವರು ತಮಾಷೆ ನೋಡಲು ಹೇಗೆ ಬೇಕೋ ಹಾಗೆ ನಿಂತಿದ್ದರು. ಆ ರಾಜನಿಗಾಗಿ ನೆಟ್ಟಗೆ ನಿಂತವನು ನಾನೊಬ್ಬನೇ.

ಕೂರೋಣ ಅಂದರೆ ಕಾಲು ಮಡಚಲಿಲ್ಲ. ಯಾವುದೋ ದೊಡ್ಡ ತಪ್ಪಾಗಿದೆ ಅಂತ ಗೊತ್ತಾಯಿತು, ಏನು ತಪ್ಪು ಅಂತ ಮಾತ್ರ ಹೊಳೆಯಲಿಲ್ಲ. ಸಾಹೇಬರು ಕೂತದ್ದು ನೋಡಿ ಗಫೂರ್ ಸಾಹೇಬರು ಅರ್ಧಕ್ಕೇ ನಿಲ್ಲಿಸಿದರು. ಡ್ರಮ್ಮು ಇನ್ನೆರಡು ಪೆಟ್ಟು ಹಾಕಿ ಸುಮ್ಮನಾಯಿತು. ನಾನು ಆವಾಗಲೂ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಹಾಗೇ ನಿಂತಿದ್ದೆ.

ಅಪ್ಪ ಜಗಲಿಯಿಂದಲೇ ಹೇಳಿದರು. "ಯಾಕ್ ನಿಲ್ಲಿಸ್ದೆ ಗಫೂರಾ? ಮುಗ್ಸಪ್ಪ. ನನ್ ಮಗ ನಿಂತವ್ನೆ."

ಗಫೂರ್ ಸಾಹೇಬರು ತಲೆ ತಗ್ಗಿಸಿ ಮುಗಿಸಿದರು. ನಾನು ಕೊನೆಯವರೆಗೂ ನಿಂತಿದ್ದೆ. ಆ ಒಂದು ನಿಮಿಷದಷ್ಟು ಉದ್ದದ ನಿಮಿಷವನ್ನು ನಾನು ಆಮೇಲೆ ಎಲ್ಲೂ ಕಳೆದಿಲ್ಲ.

ಬ್ಯಾಂಡಿನವರು ಮದುವೆ ಹಾಡು ಎತ್ತಿಕೊಂಡ ಮೇಲೆ ಊರವರಿಗೆ ಜೀವ ಬಂತು. ಡೂಲನ್ ಸಾಹೇಬರು ಕುರ್ಚಿ ಬಿಟ್ಟು ಜಗಲಿಗೆ ಬಂದು ಅಪ್ಪನ ಪಕ್ಕ ಕೂತರು. "ನಿಮ್ಮ ತಂದೆ ಯಾಕೆ ಏಳಲಿಲ್ಲ, ಕೇಳಿ," ಎಂದರು ನನಗೆ. ಕೇಳಿದೆ. "ಮಂಡಿ ನೋವು ಅಂತ ಏಳು," ಎಂದರು ಅಪ್ಪ. ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು, "ನನಗೆ ಹಾರ ಹಾಕುವಾಗ ಚೆನ್ನಾಗಿಯೇ ಇತ್ತಲ್ಲ ಆ ಮಂಡಿ," ಎಂದು ಅಪ್ಪನ ಮುಖ ನೋಡಿದರು. ಆಮೇಲೆ ತಮ್ಮ ಮಂಡಿ ತಟ್ಟಿ, "ನನ್ನದೂ ಹಾಗೇ ಅಂತ ಹೇಳಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಈ ಟ್ಯೂನಿಗೆ ಮಂಡಿ ಹಿಡಿದುಕೊಳ್ಳುತ್ತೆ," ಎಂದರು. ನಾನು ಹೇಳಿದೆ. ಅಪ್ಪ ಕೇಳಿ ಬಾಯಿತುಂಬ ನಕ್ಕರು. ಹಲ್ಲು ಕಾಣಿಸುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಾಹೇಬರೂ ನಕ್ಕರು. ಸಾಹೇಬರು ಬೀಡಿ ಕಟ್ಟು ಮುಂದೆ ಹಿಡಿದರು, ಅಪ್ಪ ಒಂದು ತೆಗೆದುಕೊಂಡರು. ನಡುವೆ ನಿಂತ ನನಗೆ ಮಾತ್ರ ನಗು ಯಾಕೆ ಅಂತ ಅರ್ಥವಾಗಲಿಲ್ಲ.

ಆಮೇಲೆ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಾಹೇಬರು ನನ್ನ ಚಪಾತಿ ಬ್ರೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಹೆದರಿ ಹೆದರಿ ತಟ್ಟೆಗಿಟ್ಟ ಮುದ್ದೆ, ಬಸ್ಸಾರನ್ನು ಕೈಯಿಂದಲೇ ತಿಂದರು. ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡಾಗ ಅಪ್ಪ, "ಅಗೀಬಾರ್ದು, ನುಂಗ್ಬೇಕು, ಇಂಗೆ," ಅಂತ ತೋರಿಸಿಕೊಟ್ಟರು. ಇದಕ್ಕೆ ನನ್ನ ಅನುವಾದ ಬೇಕಾಗಲಿಲ್ಲ. ತೋಟ ನೋಡಲು ಇಬ್ಬರೂ ಮುಂದೆ ಹೊರಟರು, ನಾನು ಕೋಟಿನ ಗುಂಡಿ ಬಿಚ್ಚಿಕೊಂಡು ಹಿಂದೆ. ಕಪ್ಪಗೆ ಹಣ್ಣಾದ ಗೊಂಚಲುಗಳ ಕೆಳಗೆ ಬಗ್ಗಿ ನಡೆಯುತ್ತಾ ಸಾಹೇಬರು ಕಲ್ಲುಕಂಬ ಮುಟ್ಟಿ, ತಂತಿ ಮುಟ್ಟಿ ಕೇಳುತ್ತಿದ್ದರು, ಅಪ್ಪ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಎಸ್ಟೇಟು ಎಲ್ಲಿ ಮುಗಿಯುತ್ತದೆ ಅಂತ ಸಾಹೇಬರು ಕೇಳಲಿಲ್ಲ. ಮುಗಿದದ್ದು ಕಣ್ಣಿಗೆ ಕಾಣುತ್ತಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಕಾಗದ ಬರೆದಿಟ್ಟುಕೊಂಡಿದ್ದರು. ಲಕೋಟೆಯನ್ನು ಕೈಯಲ್ಲೇ ಹಿಡಿದುಕೊಂಡು, "ನಿಮ್ಮ ತಂದೆಯನ್ನು ನೋಡಿದ ಮೇಲೂ ನಿಮಗೆ ಇದು ಬೇಕಾ, ರಾಜ್?" ಎಂದು ಕೇಳಿದರು. ಇಂಥ ಕಡೆ ಕಥೆಗಳಲ್ಲಿ ತರುಣರು ಕಾಗದ ಹರಿದು ಹಾಕುತ್ತಾರೆ. ನಾನು ಅವರ ಮಾತು ಮುಗಿಯುವ ಮೊದಲೇ, "ಬೇಕು ಸಾರ್," ಎಂದು ಕೈ ಚಾಚಿದೆ. ಕೆಲಸ ಸಿಕ್ಕಿತು. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದರು. ಡೂಲನ್ ಸಾಹೇಬರು ಮರುವರ್ಷ ಊರಿಗೆ ವಾಪಸ್ಸು ಹೋದರು.

ಕಂಪನಿಯಲ್ಲಿ ಚೆನ್ನಾಗಿಯೇ ಇದ್ದೆ. ಗಂಗಾನಗರಕ್ಕೆ ಮನೆ ಮಾಡಿದೆ, ಮದುವೆಯಾದೆ. ಆ ಭಾನುವಾರವನ್ನು ಒಂದು ತಮಾಷೆ ಕಥೆ ಮಾಡಿಕೊಂಡು ಆಫೀಸಿನ ಸ್ನೇಹಿತರಿಗೆ ಹೇಳುತ್ತಿದ್ದೆ. ಡ್ರಮ್ಮಿನವನ ಮದುವೆ ಪೆಟ್ಟನ್ನು ಮೇಜಿನ ಮೇಲೆ ಬಡಿದು ತೋರಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು.

ಆರೇಳು ವರ್ಷ ಕಳೆದಿರಬೇಕು. ಹುಣಸಮಾರನಹಳ್ಳಿಯಲ್ಲಿ ನೆಂಟರ ಮದುವೆ. ಊಟ ಮುಗಿಸಿ ಚಪ್ಪರದ ಆಚೆ ಬಂದರೆ ಕಲ್ಲುಬೆಂಚಿನ ಮೇಲೆ ಗಫೂರ್ ಸಾಹೇಬರು. ಹಲ್ಲು ಹೋಗಿ ಕ್ಲಾರಿನೆಟ್ ನುಡಿಸುವುದು ನಿಂತಿತ್ತು, ಈಗ ಮಗ ನುಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು, ಅದೇ ಹಳೆಯ ತಮಾಷೆ ಎತ್ತಿದೆ. ಅವರು ನಗಲಿಲ್ಲ.

"ಬೇಟಾ, ಅವತ್ತು ನೀವು ನಂಗೆ ಸುಳ್ಳು ಹೇಳಿದ್ರಿ," ಎಂದರು. "ನಂಗೆ ಗೊತ್ತಾಯ್ತು. ಮಾರನೇ ದಿವ್ಸ ಸೀದಾ ನಿಮ್ ಅಪ್ಪೋರ್ ಹತ್ರ ತೋಟಕ್ಕೆ ಹೋದೆ."

ಬೆಂಚಿನ ಮೇಲೆ ಡ್ರಮ್ಮಿನ ಪೆಟ್ಟು ಬಡಿಯುತ್ತಿದ್ದ ಕೈ ತೆಗೆದುಕೊಂಡೆ.

ಅವರು ಹೇಳಿದ್ದು ಹೀಗೆ. ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಯಲಹಂಕದಲ್ಲಿ ಬಿಳಿ ಸೋಲ್ಜರುಗಳು ತುಂಬಿದ್ದರು. ಯುದ್ಧದ ಫಂಡಿಗೆ ಅಂತ ಒಂದು ಸಭೆ ಮಾಡಿ ಸುತ್ತಮುತ್ತಲ ಹಳ್ಳಿಯವರನ್ನೆಲ್ಲ ಕರೆತಂದು ಮೈದಾನದಲ್ಲಿ ಕೂರಿಸಿದ್ದರು. ಬ್ಯಾಂಡು ಗಫೂರ್ ಸಾಹೇಬರದು. ರಾಜನ ಟ್ಯೂನು ನುಡಿಸಿದಾಗ ಎಲ್ಲರೂ ಎದ್ದರು. ಮೂರನೆಯ ಸಾಲಿನಲ್ಲಿ ಒಬ್ಬ ಮಾತ್ರ ಏಳಲಿಲ್ಲ. ಯಾರೋ ಒಬ್ಬ ದಫೇದಾರ ಬಂದು ಏಳೋ ಎಂದ. ಏಳಲಿಲ್ಲ. ಲಾಠಿಯಿಂದ ಮಂಡಿಗೆ ಹೊಡೆದ. ಆಮೇಲೂ ಹೊಡೆದ. "ನಾನ್ ನುಡಿಸ್ತಾನೇ ಇದ್ದೆ ಬೇಟಾ," ಎಂದರು ಗಫೂರ್ ಸಾಹೇಬರು. "ನಿಲ್ಲಿಸೋ ಧೈರ್ಯ ಬರ್ಲಿಲ್ಲ. ಅಲ್ಲಿಂದಾನೇ ಜೈಲಿಗೆ ಕರ್ಕೊಂಡ್ ಹೋದ್ರು."

"ತೋಟಕ್ಕೆ ಹೋದ್ರಲ್ಲ, ಅಪ್ಪ ಏನಂದ್ರು?" ಎಂದೆ.

"ಕೈಲಿದ್ದ ಬಳ್ಳಿ ತಂತಿಗೆ ಕಟ್ಟಿ ಮುಗ್ಸಿದ್ರು. ಆಮೇಲೆ, ನುಡ್ಸು ಗಫೂರಾ ಅಂದ್ರು."

ನಾನು ತಾಂಬೂಲವನ್ನೂ ತೆಗೆದುಕೊಳ್ಳದೆ ಹೊರಟೆ. ಲಲಿತಳನ್ನು ನೆಂಟರ ಜೊತೆ ಬರಲು ಹೇಳಿ, ಸಿಕ್ಕಿದ ಬಸ್ಸು ಹತ್ತಿ, ಇಳಿದು, ಅಮೃತಹಳ್ಳಿಗೆ ನಡೆದೆ. ದಾರಿಯಲ್ಲಿ ಏನೇನೋ ಹೇಳಬೇಕು ಅಂದುಕೊಂಡೆ. ಅಪ್ಪನ ಕಾಲು ಹಿಡಿದುಕೊಳ್ಳಬೇಕು ಅಂದುಕೊಂಡೆ. ಮಧ್ಯಾಹ್ನದ ಮೋಡ ಮುಸುಕಿದ ಹೊತ್ತು, ಅಪ್ಪ ತೋಟದಲ್ಲಿ ಒಬ್ಬರೇ ಪಂಪು ಬೆನ್ನಿಗೆ ಹಾಕಿಕೊಂಡು ಬಳ್ಳಿಗೆ ಔಷಧಿ ಹೊಡೆಯುತ್ತಿದ್ದರು. ಮದುವೆ ಪ್ಯಾಂಟು, ಬೂಟಿನಲ್ಲಿ ನನ್ನನ್ನು ನೋಡಿ, "ಏನ್ಲಾ, ಊಟ ಆಯ್ತಾ?" ಎಂದರು.

"ಆಯ್ತು. ಅಪ್ಪಾ, ಗಫೂರ್ ಸಾಹೇಬ್ರು ಸಿಕ್ಕಿದ್ರು."

"ಎಂಗವ್ನೆ?"

"ಚೆನ್ನಾಗವ್ರೆ. ನಿನ್ ಮಂಡಿ ವಿಚಾರ ಹೇಳಿದ್ರು. ನಾನು ನಿನ್ನ ಕೇಳಿದೀನಿ ಅಂತ ಅವ್ರಿಗೆ ಸುಳ್ಳು ಹೇಳಿದ್ದೆ ಅಪ್ಪಾ."

"ಗೊತ್ತು ಬಿಡು."

"ಮತ್ತೆ ಬೇಡ ಅನ್ಬೇಕಾಗಿತ್ತು ನೀನು! ಯಾಕ್ ಅನ್ಲಿಲ್ಲ?" ಎಂದು ಕೂಗಿಯೇಬಿಟ್ಟೆ. ತಪ್ಪು ನನ್ನದು, ಕೂಗಾಡುತ್ತಿದ್ದವನೂ ನಾನೇ.

ಅಪ್ಪ ಪಂಪಿನ ಹಿಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. ಎಲೆಗಳ ಅಡಿಗೆ ನೀಲಿ ನೀರು ಹೊಡೆಯುತ್ತಾ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋದರು. "ನಿನ್ ಕಾಗ್ದದ್ ವಿಚಾರ ಅಲ್ವೇನ್ಲಾ. ಒಂದ್ ಟ್ಯೂನು ನುಡಿಸ್ದ್ರೆ ನನ್ ಮಗನ್ಗೆ ಕೆಲ್ಸ ಸಿಗ್ತದೆ ಅಂದ್ರೆ ನುಡಿಸ್ಲಿ ಅಂದೆ. ನಂಗೇನು? ನಾನ್ ಎಂಗಿದ್ರೂ ಕೂತೇ ಇರ್ತಿದ್ದೆ," ಎಂದರು.

ಪಂಪು ಖಾಲಿಯಾಗಿ ಗಾಳಿ ಹೊಡೆಯಿತು. ಆಗ ನಿಂತು, ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀನು ಎದ್ ನಿಲ್ತೀಯ ಅಂತ ಮಾತ್ರ ನಾನ್ ಅಂದ್ಕಂಡಿರ್ಲಿಲ್ಲ ಕಣಪ್ಪ," ಎಂದರು. "ಆ ಬಕೀಟು ಇತ್ಲಾಗ್ ತತ್ತಾ."

ಬಕೀಟು ಎತ್ತಿಕೊಂಡು ಹೋಗಿ ಕೊಟ್ಟೆ. ಅದು ಮುಗಿದ ಮೇಲೆ ಇನ್ನೊಂದು ಕೇಳಿದರು. ಅದನ್ನೂ ಕೊಟ್ಟೆ.